ಕನ್ನಂಬಾಡಿಯ ನೀರುಗಂಟಿ: ಮಂಡ್ಯ ಜಿಲ್ಲಾ ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಬೃಂದಾವನ ಉದ್ಯಾನಕ್ಕೆ ಹೊಸ ರೂಪ ಕೊಡುವ ಮಾತು ಸರ್ಕಾರ ಯಾರದ್ದೇ ಇರಲಿ, ಆಗಾಗ ಕೇಳಿಬರುತ್ತದೆ. 2018ರಲ್ಲಿ ಅಲ್ಲಿ 125 ಅಡಿ ಎತ್ತರದ ಕಾವೇರಿ ಪ್ರತಿಮೆ ನಿಲ್ಲಿಸುವ ಪ್ರಸ್ತಾಪವೂ ಬಂದಿತ್ತು. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ ಎಂಬುದು ಮಂಡ್ಯದವರಿಗೆಲ್ಲ ಬಾಯಿಪಾಠ. ಪ್ರತಿಮೆ ಎದ್ದಿದ್ದರೆ ಆ ಅಂಕಿಯನ್ನು ಎರಡೂವರೆ ಅಂಗುಲದಷ್ಟು ಮೀರಿಸುತ್ತಿತ್ತು. ಲೆಕ್ಕ ಹಾಕಿದವರು ಬೇಕೆಂದೇ ಹಾಗೆ ಹಾಕಿದರೋ ಏನೋ!

ಅಣೆಕಟ್ಟೆಯ ಗೋಡೆಗೆ ಒತ್ತಿಕೊಂಡು ಅಲ್ಲಿ ಈಗಾಗಲೇ ಒಬ್ಬ ಕಾವೇರಿ ಇದ್ದಾಳೆ. ಸಂಗೀತ ಕಾರಂಜಿಗೆ ಜಾಗ ಹಿಡಿಯುವ ಆತುರದಲ್ಲಿ ಬಂದವರು ಒಂದು ಫೋಟೊ ತೆಗೆದುಕೊಂಡು ಮುಂದೆ ನಡೆಯುತ್ತಾರೆ. ಕೈಯಲ್ಲೊಂದು ಕೊಡ, ಕೊಡದಿಂದ ಸುರಿಯುವ ನೀರು. ಬೆನ್ನಿಗೆ, 1911ರಿಂದ ಎರಡು ದಶಕ ಕಾಲ ಸಿಮೆಂಟಿಲ್ಲದೆ ಸುಣ್ಣ, ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲಿ ಕಟ್ಟಿದ ಗೋಡೆ. ಅದರಾಚೆ, ತುಂಬಿದಾಗ 49 ಟಿಎಂಸಿ ಅಡಿ ನೀರು. ಆ ನೀರಿನಡಿಯಲ್ಲಿ ಹಳೆಯ ಕನ್ನಂಬಾಡಿ. ಕೈಮುಗಿಯುವವರಿಗೆ ಆಕೆ ದೇವಿ. ನನ್ನ ಪಾಲಿಗೆ ನೀರುಗಂಟಿ, ಕಾಲುವೆಯ ನೀರನ್ನು ಗದ್ದೆಗಳಿಗೆ ಹಂಚುವವಳು.

ನನ್ನ ತಂದೆ ಮಳವಳ್ಳಿ ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದ ಊರೊಂದರಲ್ಲಿ ನೀರುಗಂಟಿಯಾಗಿದ್ದರು. ಸರದಿಯ ಮೇಲೆ ಹರಿಸುವ ಕಟ್ಟು ನೀರು ಬಿಟ್ಟ ರಾತ್ರಿಗಳಲ್ಲಿ ಅವರು ಮನೆಯಲ್ಲಿ ಮಲಗಿದ್ದನ್ನು ನಾನು ಕಂಡಿಲ್ಲ. ಹೆಗಲ ಮೇಲೆ ಗುದ್ದಲಿ, ಕೈಯಲ್ಲಿ ಟಾರ್ಚು. ಮೇಲಿನ ತೂಬಿನವರು ಕತ್ತಲಲ್ಲಿ ನೀರು ತಿರುಗಿಸಿಕೊಂಡರೆ, ಬೆಳಿಗ್ಗೆ ಕೆಳಗಿನವರು ಬಂದು ಹಿಡಿಯುತ್ತಿದ್ದುದು ಇವರ ಕೊರಳಪಟ್ಟಿ. ಕಾಲುವೆಗೆ ಇಳಿದು ಕಾಲಿನಲ್ಲೇ ನೀರು ಅಳೆಯುತ್ತಿದ್ದರು: ಮೀನಖಂಡ ಮುಟ್ಟಿದರೆ ಎರಡು ತೂಬು ತೆರೆಯಬಹುದು, ಹರಡಿಗೆ ಇಳಿದರೆ ಒಂದೇ.

ನಮಗೂ ಅರ್ಧ ಎಕರೆ ಗದ್ದೆಯಿತ್ತು. ಊರಿನ ಗದ್ದೆಗಳೆಲ್ಲ ತೋಯ್ದ ಮೇಲೆ ಅದರ ಸರದಿ. ನೀರುಗಂಟಿಯ ಗದ್ದೆಯೇ ಮೊದಲು ನೀರು ಕುಡಿದರೆ ಊರು ಸುಮ್ಮನಿರುತ್ತದೆಯೇ? ಒಂದು ವರ್ಷ ಭತ್ತ ಹಾಲುಗಟ್ಟುವ ಹೊತ್ತಿಗೆ ನಾಲೆ ನಿಂತಿತು. ನಮ್ಮ ತೆನೆಗಳೆಲ್ಲ ಜೊಳ್ಳು. ಅವ್ವ ಅಪ್ಪನೊಂದಿಗೆ ಬಹಳ ದಿನ ಮಾತು ಬಿಟ್ಟಿದ್ದಳು. ಅವಳ ಸಿಟ್ಟು ಸರಿಯಾಗಿಯೇ ಇತ್ತು ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಅಪ್ಪ ತೀರಿಕೊಂಡ ಮೇಲೆ ನೆಂಟರನ್ನು ಕರೆದುಕೊಂಡು ಬೃಂದಾವನಕ್ಕೆ ಹೋದಾಗ ಆ ಕೊಡವನ್ನು ಸರಿಯಾಗಿ ನೋಡಿದೆ. ಅಷ್ಟೊಂದು ನೀರಿಗೆ ಬೆನ್ನು ಕೊಟ್ಟು ನಿಂತವಳು ತನಗೆಂದು ಒಂದು ಬೊಗಸೆಯನ್ನೂ ಇಟ್ಟುಕೊಂಡಿಲ್ಲ. ಕೊಡ ಬಾಗಿರುವುದೆಲ್ಲ ಎದುರಿನವರ ಕಡೆಗೆ. ಕಡೆದ ಶಿಲ್ಪಿಯ ಮನಸ್ಸಿನಲ್ಲಿ ಬೇರೇನೋ ಇದ್ದೀತು. ಆತನೊಂದಿಗೆ ನನಗೆ ಜಗಳವಿಲ್ಲ. ಪಾಸ್‌ಬುಕ್ಕಿಗೆ ಅಂಟಿಸಿದ್ದನ್ನು ಬಿಟ್ಟರೆ ಅಪ್ಪನ ಫೋಟೊ ನಮ್ಮ ಮನೆಯಲ್ಲಿಲ್ಲ. ಅವರನ್ನು ನೋಡಬೇಕೆನಿಸಿದಾಗ ನಾನು ಕನ್ನಂಬಾಡಿಯ ಬಸ್ಸು ಹತ್ತುತ್ತೇನೆ.

125 ಅಡಿಯ ಪ್ರತಿಮೆಯ ಬುಡದಲ್ಲಿ ನಿಂತರೆ ನನಗೆ ಕಾಣುವುದು ದೇವಿಯ ಹೆಬ್ಬೆರಳು. ಅದರಲ್ಲಿ ಅಪ್ಪನನ್ನು ಹುಡುಕುವುದು ಹೇಗೆ?

ಆದ್ದರಿಂದ ನನ್ನ ಕೋರಿಕೆ ಇಷ್ಟು. ಉದ್ಯಾನಕ್ಕೆ ಏನೇ ಹೊಸದು ಬಂದರೂ ಈಕೆಯನ್ನು ಇದ್ದಲ್ಲೇ ಇರಗೊಡಿ. ಎದುರಿಗೆ ಜಾಹೀರಾತು ಫಲಕ, ಸೆಲ್ಫಿ ಚೌಕಟ್ಟು ಬೇಡ. ಕೊಡದ ನೀರು ನಿಲ್ಲದಂತೆ ನೋಡಿಕೊಳ್ಳಿ. ಪಕ್ಕದಲ್ಲಿ ಕನ್ನಡದ ಫಲಕವೊಂದನ್ನು ಹಾಕಿಸಿ. ಈ ಗೋಡೆಯಿಂದ ಹೊರಟ ನೀರನ್ನು ಗದ್ದೆ ಮುಟ್ಟಿಸುವವರು ನೀರುಗಂಟಿಗಳು ಎಂದು ಅದರಲ್ಲಿ ಬರೆಸಿ. ಸರ್ ಎಂ. ವಿಶ್ವೇಶ್ವರಯ್ಯನವರನ್ನೂ ನಾಲ್ವಡಿಯವರನ್ನೂ ನಾವು ಮರೆತಿಲ್ಲ, ಮರೆಯುವುದೂ ಇಲ್ಲ. ರಾತ್ರಿ ಟಾರ್ಚು ಹಿಡಿದು ಕಾಲುವೆ ಕಾದವರ ಹೆಸರು ಮಾತ್ರ ಎಲ್ಲೂ ಇಲ್ಲ.

ಜಲಾಶಯ ತುಂಬಿದಾಗ ಮುಖ್ಯಮಂತ್ರಿಗಳು ಬಾಗಿನ ಅರ್ಪಿಸಲು ಬರುತ್ತಾರೆ, ನೀವೂ ಜೊತೆಗಿರುತ್ತೀರಿ. ಮುಂದಿನ ಸಲ ಮದ್ದೂರು, ಮಳವಳ್ಳಿ ಕಡೆಯ ಕೊನೆಭಾಗದ ಒಂದಿಷ್ಟು ನೀರುಗಂಟಿಗಳನ್ನೂ ಕರೆಸಿ. ಹಾರ ತುರಾಯಿ ಬೇಡ. ಸಂಬಳ ಸರಿಯಾಗಿ ಕೈಸೇರುತ್ತಿದೆಯೇ, ಎಲ್ಲೆಲ್ಲಿ ಹೂಳು ತುಂಬಿದೆ, ನೀರು ಯಾವ ತೂಬಿನಲ್ಲಿ ನಿಂತುಹೋಗುತ್ತದೆ ಎಂದು ಕೇಳಿ. ನಕ್ಷೆ ನೋಡದೆಯೇ ಹೇಳುತ್ತಾರೆ. ಬರೆದುಕೊಳ್ಳಲು ಎಂಜಿನಿಯರೊಬ್ಬರು ಪಕ್ಕದಲ್ಲಿದ್ದರೆ ಸಾಕು.

ಇಂತಿ,
ನೀರುಗಂಟಿಯೊಬ್ಬರ ಮಗ
ಮಳವಳ್ಳಿ ತಾಲ್ಲೂಕು