ನಿದ್ದೆಯ ಸಾಲ

ಮೊನ್ನೆ ಪತ್ತನಾಜೆಗೆ ಗೆಜ್ಜೆ ಬಿಚ್ಚಿದೆವು. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಮೇ 24ರ ಆಸುಪಾಸಿಗೆ ಬೀಳುವ ಆ ದಿನಕ್ಕೆ ನಮ್ಮ ಯಕ್ಷಗಾನ ಮೇಳಗಳ ತಿರುಗಾಟ, ಅಂದರೆ ಊರೂರು ಸುತ್ತಿ ಆಟ ಆಡುವ ಕಾಲ, ಮುಗಿಯುತ್ತದೆ. ನಾವು ಬಣ್ಣ ಬರೆಯುವ ಚೌಕಿಯಲ್ಲಿರುವ ದೇವರಿಗೆ ಕೈಮುಗಿದು, ಗೆಜ್ಜೆಯನ್ನು ಪೆಟ್ಟಿಗೆಗೆ ಇಳಿಸಿ, ಮಳೆಗೆ ದಾರಿ ಬಿಟ್ಟುಕೊಡುವುದು ವಾಡಿಕೆ. ಈ ಬಾರಿ ಆ ಗಡಿಬಿಡಿಯ ನಡುವೆ ನನಗೊಂದು ಶಾಲು ಹೊದಿಸಿದರು. ಇಪ್ಪತ್ತೈದು ತಿರುಗಾಟ ಪೂರೈಸಿದ ಬಣ್ಣದ ವೇಷಧಾರಿ ಎಂದು ಫಲಕದಲ್ಲಿ ಬರೆಸಿದ್ದರು. ಬಣ್ಣದ ವೇಷವೆಂದರೆ ರಾಕ್ಷಸರ ಪಾತ್ರ. ನನ್ನ ಲೆಕ್ಕದಲ್ಲಿ ಅದು ಇಪ್ಪತ್ತನಾಲ್ಕೂವರೆ; ಕಳೆದ ವರ್ಷ ಅರ್ಧ ತಿರುಗಾಟವನ್ನು ಹಾಸಿಗೆಯಲ್ಲಿ ಕಳೆದಿದ್ದೇನೆ. ಹಾಗೆಂದು ನಮ್ಮ ಹಾಸ್ಯಗಾರರ ಕಿವಿಯಲ್ಲಿ ಹೇಳಿದೆ. "ಹಾಗಾದರೆ ಶಾಲಿನ ತುದಿಯಲ್ಲಿ ಒಂದು ಗೇಣು ಹರಿದು ಮೇಳದ ಯಜಮಾನರಿಗೆ ವಾಪಸು ಕೊಡಿ" ಎಂದರು.

ನಾಲ್ಕು ಮಾತು ಆಡಿ ಎಂದು ಮೈಕ್ ಕೊಟ್ಟರು. ಮಹಿಷಾಸುರನಾಗಿ ಇಂದ್ರನ ಸಭೆಯಲ್ಲಿ ಗಂಟೆಗಟ್ಟಲೆ ಗದರಿದವನು ಬಣ್ಣವಿಲ್ಲದ ಮುಖದಲ್ಲಿ "ಎಲ್ಲರಿಗೂ ನಮಸ್ಕಾರ" ಎಂದವನೇ ಕುಳಿತುಬಿಟ್ಟೆ. ಆ ಹೊತ್ತಿಗೆ ಬಾಯಿಗೆ ಬಾರದ್ದನ್ನು ಈಗ ಬರೆಯುತ್ತಿದ್ದೇನೆ.

ನನ್ನ ಕೃತಜ್ಞತೆಯ ಲೆಕ್ಕವೆಲ್ಲ ನಿದ್ದೆಯ ಲೆಕ್ಕ. ಆಟದವನ ತ್ಯಾಗ ಎಂದು ಭಾಷಣಗಳಲ್ಲಿ ಹೊಗಳುತ್ತಾರಲ್ಲ, ಅದರಲ್ಲಿ ನನ್ನ ಪಾಲು ಅಷ್ಟೇನೂ ದೊಡ್ಡದಲ್ಲ. ನಾನು ರಾತ್ರಿಯ ನಿದ್ದೆ ಬಿಟ್ಟೆ, ನಿಜ. ಆದರೆ ಹಗಲು ಮಲಗಿದೆ. ನಾನು ಹಗಲು ಮಲಗುವುದಕ್ಕಾಗಿ ಎಷ್ಟು ಮಂದಿ ಮೆಲ್ಲನೆ ನಡೆದರು, ಪಿಸುಮಾತಿನಲ್ಲಿ ಜಗಳವಾಡಿದರು, ಬಾಗಿಲಿನ ಚಿಲಕಕ್ಕೆ ಬಟ್ಟೆ ಸುತ್ತಿದರು ಎಂಬುದನ್ನು ಯಾವ ಫಲಕದಲ್ಲೂ ಬರೆಯುವುದಿಲ್ಲ.

ಮೊದಲು ಬಿದ್ದ ಕಥೆ ಹೇಳಿಬಿಡುತ್ತೇನೆ, ಕೇಳಿದವರಿಗೆಲ್ಲ ಒಂದೊಂದು ಬಗೆಯಲ್ಲಿ ತಲುಪಿದೆ. ಕಳೆದ ವರ್ಷದ ಫೆಬ್ರವರಿ, ಒಂದು ಮನೆಯ ಹರಕೆಯ ಆಟ, 'ಶ್ರೀದೇವಿ ಮಹಾತ್ಮೆ'. ನಮ್ಮ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಮಹಿಷಾಸುರ ಚೌಕಿಯಿಂದ ನೇರ ರಂಗಸ್ಥಳಕ್ಕೆ ಹೋಗುವವನಲ್ಲ. ದೂರದ ಕತ್ತಲಲ್ಲಿ ಎಲ್ಲೋ ನಿಂತು, ದೊಂದಿಗಳ ಬೆಳಕಿನಲ್ಲಿ, ರಾಳದ ಬೆಂಕಿ ಭಗ್ಗನೆ ಏಳುತ್ತಿರುವಾಗ ಜನರ ನಡುವೆ ನುಗ್ಗಿ ಬರಬೇಕು. ಮಕ್ಕಳು ಕಿರುಚಬೇಕು, ಮುದುಕಿಯರು ಕೈಮುಗಿಯಬೇಕು. ಅಂದು ಅಡಿಕೆ ತೋಟದ ಕಡೆಯಿಂದ ಓಡಿ ಬಂದೆ. ಬೆಂಕಿಯ ಬೆಳಕು ನೋಡುವವರಿಗೆ ಚೆಂದ. ಅದರ ಹಿಂದೆ ಇರುವವನಿಗೆ ಕಣ್ಣು ಕುರುಡು. ಬಲಗಾಲು ತೋಟದ ಕಣಿಗೆ, ನೀರು ಹರಿಯುವ ಕಾಲುವೆಗೆ, ಇಳಿಯಿತು, ಮೈ ಮುಂದಕ್ಕೆ ಹೋಯಿತು, ಮಂಡಿ ಮಾತ್ರ ಅಲ್ಲೇ ಉಳಿಯಿತು. ಒಳಗೆ ಒಣ ಕಡ್ಡಿ ಮುರಿದ ಹಾಗೆ ಒಂದು ಸದ್ದು. ಚೆಂಡೆಯ ಅಬ್ಬರದಲ್ಲಿ ಅದು ಕೇಳಿಸಿದ್ದು ನನಗೊಬ್ಬನಿಗೆ.

ನಿಲ್ಲಿಸಬಹುದಿತ್ತು. ಆದರೆ ಹರಕೆಯ ಆಟವೆಂದರೆ ಏನೆಂದು ಊರಿನವರಿಗೆ ಗೊತ್ತು. ಕಟೀಲು ದೇವಸ್ಥಾನದ ಮೇಳಗಳ ಆಟಕ್ಕೆ ಜನ ವರ್ಷಗಟ್ಟಲೆ ಸರದಿ ಕಾಯುತ್ತಾರೆ. ನಮ್ಮಂಥ ಚಿಕ್ಕ ಮೇಳಕ್ಕೂ ಹೇಳಿಕೊಂಡವರು ಸಾಲ ಮಾಡಿಯಾದರೂ ಆಡಿಸುತ್ತಾರೆ. ಆ ಅಂಗಳದಲ್ಲಿ ದೇವಿಗೆ ಮಹಿಷ ಸಿಗದೆ ಹೋದರೆ ಆ ಮನೆಯವರು ಜನ್ಮವಿಡೀ ಕೊರಗುತ್ತಾರೆ. ಅರ್ಧ ಕುಂಟಿ, ಅರ್ಧ ಜಿಗಿದು ರಂಗಸ್ಥಳ ಸೇರಿ ರಥದ ಮೇಲೆ ಕುಳಿತೆ. ಆ ಮರದ ಪೀಠಕ್ಕೆ ರಥವೆಂದು ಹೆಸರಿಟ್ಟ ಪುಣ್ಯಾತ್ಮನಿಗೆ ಅಂದು ಮನಸ್ಸಿನಲ್ಲೇ ವಂದಿಸಿದೆ.

ನನ್ನ ಮೊದಲ ನಮಸ್ಕಾರ ಪದ್ಯ ಹಾಡಿ ಆಟ ನಡೆಸುವ ನಮ್ಮ ಭಾಗವತರಿಗೆ. ನಾನು ಕುಳಿತ ಬಗೆಯಲ್ಲೇ ಅವರಿಗೆ ತಿಳಿಯಿತು. ಏನಾಯಿತೆಂದು ಕೇಳಲಿಲ್ಲ, ಕೇಳುವಂತೆಯೂ ಇರಲಿಲ್ಲ. ಜಾಗಟೆಯನ್ನು ಒಮ್ಮೆ ತಡೆದು, ಮದ್ದಳೆಯವರ ಕಡೆ ಹುಬ್ಬು ಏರಿಸಿ, ನಡುವಿನ ನಾಲ್ಕು ಪದ್ಯ ಬಿಟ್ಟು ಯುದ್ಧಕ್ಕೆ ದಾಟಿದರು. ನೋಡುವವರಿಗೆ ಗೊತ್ತಾಗಲಿಲ್ಲ. ಮರುದಿನ ಒಬ್ಬ ಹಳೆಯ ಪ್ರೇಕ್ಷಕರು ಮಾತ್ರ "ಭಾಗವತರಿಗೆ ಮರೆವು ಶುರುವಾಯಿತೋ ಏನೋ" ಎಂದರಂತೆ. ಆ ಅಪವಾದವನ್ನೂ ಅವರು ನನಗಾಗಿ ಹೊತ್ತರು, ತಿಂಗಳವರೆಗೆ ಬಾಯಿ ಬಿಡಲಿಲ್ಲ.

ದೇವಿಯ ವೇಷದವರಿಗೆ ಎರಡನೆಯದು. ಯುದ್ಧದ ಸುತ್ತು ಬರುವಾಗ ತ್ರಿಶೂಲ ಎತ್ತಿಕೊಂಡೇ "ನೀವು ಸುತ್ತಬೇಡಿ, ನಾನು ಸುತ್ತುತ್ತೇನೆ, ನೀವು ನಿಂತಲ್ಲೇ ತಿರುಗಿ" ಎಂದರು. ಹಾಗೆ ಅಂದು ದೇವಿ ಮಹಿಷನಿಗೆ ಪ್ರದಕ್ಷಿಣೆ ಬಂದಳು. ಪುರಾಣದಲ್ಲಿ ಇಲ್ಲದ್ದು. ಸಾಯುವ ಹೊತ್ತಿಗೆ ನನ್ನ ಮಂಡಿ ತೆಂಗಿನಕಾಯಿಯಷ್ಟು ಊದಿತ್ತು, ಗೆಜ್ಜೆಯ ಹುರಿಯನ್ನು ಕತ್ತರಿಯಲ್ಲಿ ಕತ್ತರಿಸಬೇಕಾಯಿತು.

ಆ ಮನೆಯ ಯಜಮಾನರು ತಮ್ಮ ತೋಟದ ಕಣಿಯೇ ಅಪರಾಧಿ ಎಂಬಂತೆ ನೊಂದುಕೊಂಡರು. ಪ್ರತಿ ವಾರ ಆಸ್ಪತ್ರೆಗೆ ಬಂದು, ಮಂಚದ ಬುಡದಲ್ಲಿ ಕುಳಿತು, ಮಾತಾಡದೆ ಹೋಗುತ್ತಿದ್ದರು. ಈಗ ಅಲ್ಲಿ ಚಪ್ಪಡಿ ಹಾಸಿದ್ದಾರಂತೆ. ಕಣಿ ಮೊದಲಿನಿಂದ ಅಲ್ಲೇ ಇತ್ತು ಸ್ವಾಮೀ, ಹಗಲಲ್ಲಿ ಒಮ್ಮೆ ನಡೆದು ನೋಡಬೇಕಾಗಿದ್ದವನು ನಾನು. ದಾರಿ ನೋಡಿಟ್ಟುಕೊಳ್ಳಬೇಕು ಎಂದು ನನ್ನ ಗುರುಗಳು ಕಲಿಸಿದ್ದರು. ಅಂದು ಮಧ್ಯಾಹ್ನ ನಾನು ಮಲಗಿದ್ದೆ.

ಗುರುಗಳ ಮಾತು ಬಂದಿತು. ಅವರೀಗ ಇಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ ಕಲಿಯುವ ಹುಡುಗರ ಕೋಡಂಗಿ ವೇಷ ಕಟ್ಟಲು ಹೋದವನನ್ನು ಚುಟ್ಟಿಯ ಎದುರು ಕೂರಿಸಿದವರು ಅವರು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಬಣ್ಣದ ವೇಷದ ಮುಖದ ಮೇಲೆ ಬಿಳಿ ಮುಳ್ಳುಗಳ ಸಾಲು ಕಾಣುತ್ತದಲ್ಲ, ಅದೇ ಚುಟ್ಟಿ, ಅಂಟಿಸಿದ್ದಲ್ಲ. ಅಕ್ಕಿಯನ್ನು ನುಣ್ಣಗೆ ಅರೆದು, ಸುಣ್ಣ ಬೆರೆಸಿ, ಕಡ್ಡಿಯ ತುದಿಯಿಂದ ಒಂದೊಂದೇ ಚುಕ್ಕಿ ಇಡುತ್ತ, ಅದು ಆರಿದ ಮೇಲೆ ಅದರ ಮೇಲೊಂದು ಇಡುತ್ತ ಬೆಳೆಸುವುದು. ಮೂರು ಗಂಟೆ ಹಿಡಿಯುತ್ತದೆ. ಆರುತ್ತ ಬಂದ ಹಾಗೆ ಚರ್ಮವನ್ನು ಹಿಡಿದು ಎಳೆಯುತ್ತದೆ. ನಗುವಂತಿಲ್ಲ, ಆಕಳಿಸುವಂತಿಲ್ಲ, ಉಣ್ಣುವ ಮಾತಂತೂ ದೂರ. ತೂಕಡಿಸಿ ಗಲ್ಲ ಎದೆಗೆ ತಾಗಿತೋ, ಒಂದು ಸಾಲು ಪೂರ್ತಿ ಹೋಯಿತು. ಮೊದಲ ವರ್ಷ ನಾನು ತೂಕಡಿಸಿದಾಗಲೆಲ್ಲ ಗುರುಗಳು ಬೈಯುತ್ತಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಆ ಬದಿಯನ್ನು ಒರೆಸಿ, ಕಡ್ಡಿಯನ್ನು ಮತ್ತೆ ನನ್ನ ಕೈಗೆ ಕೊಟ್ಟು, ತಾವೂ ಮಲಗದೆ ಎದುರಿಗೆ ಕೂರುತ್ತಿದ್ದರು. ಅವರ ವೇಷ ಮುಗಿದು ಬಣ್ಣ ತೆಗೆದಾದ ಮೇಲೂ. ಅರುವತ್ತು ದಾಟಿದ ಮನುಷ್ಯ. ಈಗ ಅಂಗಡಿಯಲ್ಲಿ ಸಿಗುವ ಸಿದ್ಧ ವಸ್ತು ಅಂಟಿಸಿ ಅರ್ಧ ಗಂಟೆಯಲ್ಲಿ ಏಳುವ ಹುಡುಗರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬರಬಾರದು, ಗೊತ್ತು, ಅವರಿಗೆ ಹಗಲು ಬೇರೆ ಕೆಲಸವೂ ಇರುತ್ತದೆ. ಆದರೂ ಬರುತ್ತದೆ.

ಇನ್ನು ನನ್ನ ಹಗಲನ್ನು ಕಾದವರು. ನಮ್ಮ ಬಸ್ಸಿನ ಚಾಲಕರು ಘಾಟಿಯ ತಿರುವುಗಳಲ್ಲಲ್ಲದೆ ಬೇರೆಲ್ಲೂ ಹಾರ್ನ್ ಒತ್ತುವುದಿಲ್ಲ. ಹಿಂದಿನ ಸೀಟಿನಲ್ಲಿ ನಲವತ್ತು ಮಂದಿ ಬಾಯಿ ತೆರೆದು ಮಲಗಿರುತ್ತಾರೆಂದು ಅವರಿಗೆ ಗೊತ್ತು. ಒಂದೂರಿನ ಶಾಲೆಯ ಜಗಲಿಯಲ್ಲಿ ನಾವು ಉರುಳಿಕೊಂಡಿದ್ದಾಗ, ಪಕ್ಕದ ಕೋಣೆಯಲ್ಲಿ ಮಗ್ಗಿ ಹೇಳುತ್ತಿದ್ದ ಮಕ್ಕಳನ್ನು ಮುಖ್ಯೋಪಾಧ್ಯಾಯರು ಸಾಲಾಗಿ ಎಬ್ಬಿಸಿ ಮಾವಿನ ಮರದ ಬುಡಕ್ಕೆ ಕರೆದುಕೊಂಡು ಹೋದರು. ಮಕ್ಕಳು ತುಟಿಯ ಮೇಲೆ ಬೆರಳಿಟ್ಟುಕೊಂಡು ನಮ್ಮನ್ನು ದಾಟಿ ಹೋಗುವುದನ್ನು ಒಂದು ಕಣ್ಣು ತೆರೆದು ನೋಡಿದ್ದೇನೆ. ಒಬ್ಬ ಹುಡುಗ ನನ್ನ ಕೆನ್ನೆಯಲ್ಲಿ ಉಳಿದಿದ್ದ ಕೆಂಪನ್ನು ಬಾಗಿ ನೋಡಿ, "ಇವನೇ ರಾಕ್ಷಸ" ಎಂದು ಪಿಸುಗುಟ್ಟಿದ. ಅಷ್ಟು ಮೆಲ್ಲನೆ ನನ್ನನ್ನು ಇನ್ನಾರೂ ಗುರುತಿಸಿದ್ದಿಲ್ಲ.

ಶಸ್ತ್ರಚಿಕಿತ್ಸೆಗೆ ಹಣ ಕೂಡಿಸಿದವರ ಹೆಸರುಗಳು ಒಂದು ಪುಸ್ತಕದಲ್ಲಿವೆ, ಒಬ್ಬೊಬ್ಬರ ಮನೆಗೂ ಈ ಮಳೆಗಾಲದಲ್ಲಿ ಹೋಗಿ ಬರುತ್ತೇನೆ. ಅದನ್ನು ಇಲ್ಲಿ ಬರೆಯುವುದು ಅವರಿಗೂ ಮುಜುಗರ, ನನಗೂ.

ವೈದ್ಯರು ಒಂಬತ್ತು ತಿಂಗಳು ಎಂದರು. ಲಿಗಮೆಂಟ್ ಹೊಸದಾಗಿ ಕಟ್ಟಿದ್ದೇವೆ, ಅದು ಬಲಿಯಬೇಕು ಎಂದರು. ಯಕ್ಷಗಾನದ ಹಿರಿಯ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಂಬತ್ತರ ಹತ್ತಿರವೂ ಮಂಡಿ ಊರಿ ಕುಣಿಯುತ್ತಿದ್ದರಲ್ಲ ಎಂದು ನಾನು ವಾದಿಸಿದೆ. "ಅವರು ಕಣಿಗೆ ಬೀಳಲಿಲ್ಲ" ಎಂದರು. ಅಲ್ಲಿಗೆ ವಾದ ಮುಗಿಯಿತು. ವ್ಯಾಯಾಮ ಮಾಡಿಸುತ್ತಿದ್ದ ಫಿಸಿಯೋಥೆರಪಿಯ ಹುಡುಗಿ ಅದುವರೆಗೆ ಒಂದೂ ಆಟ ನೋಡಿದವಳಲ್ಲ. ಮಂಡಿ ಮಡಚುವಾಗ ನಾನು ಹಾಕಿದ ಕೂಗಿಗೆ ಪಕ್ಕದ ಕೋಣೆಯ ರೋಗಿಗಳು ಎದ್ದು ಬಂದಿದ್ದರು. ಇದು ನೋವಿನ ಕೂಗೋ ವೇಷದ ಆರ್ಭಟೆಯೋ ಎಂದು ಆಕೆಗೆ ಕೊನೆಯವರೆಗೂ ತಿಳಿಯಲಿಲ್ಲ. ಕಳೆದ ಡಿಸೆಂಬರಿನಲ್ಲಿ ನಾನು ಮತ್ತೆ ಮಹಿಷನ ಬಣ್ಣ ಬರೆದ ರಾತ್ರಿ, ಹೇಳದೆ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ಹೇಗಿತ್ತು ಎಂದು ಕೇಳಿದೆ. "ಗೊತ್ತಿಲ್ಲ, ನಾನು ಬಲಗಾಲನ್ನು ಮಾತ್ರ ನೋಡುತ್ತಿದ್ದೆ" ಎಂದಳು.

ಆ ಒಂಬತ್ತು ತಿಂಗಳಲ್ಲಿ ನನ್ನ ವೇಷಗಳನ್ನು ನಿರ್ವಹಿಸಿದವನು ಮೇಳದ ಕಿರಿಯ. ಒಳ್ಳೆಯ ಎತ್ತರ, ನನಗಿಂತ ಒಳ್ಳೆಯ ಕಂಠ. ಹರಕೆಯವರು ಅವನನ್ನೇ ಕೇಳತೊಡಗಿದ್ದರೆಂದು ಸುದ್ದಿ ಬರುತ್ತಿತ್ತು. ಸುಳ್ಳು ಹೇಳುವುದಿಲ್ಲ, ಹೊಟ್ಟೆ ಉರಿಯಿತು. ನವೆಂಬರಿನಲ್ಲಿ ಚೌಕಿಗೆ ಹೋದೆ. ಚೌಕಿಯಲ್ಲಿ ಕೂರುವುದಕ್ಕೆ ಒಬ್ಬೊಬ್ಬ ವೇಷಧಾರಿಗೂ ಅವರವರ ಸ್ಥಾನವಿದೆ, ಕಂಡಲ್ಲಿ ಕನ್ನಡಿ ಇಟ್ಟು ಕೂರುವಂತಿಲ್ಲ. ನನ್ನ ಜಾಗದಲ್ಲಿ ನನ್ನ ಪೆಟ್ಟಿಗೆ ಇತ್ತು. ಅದರ ಮೇಲೆ ನನ್ನ ಕನ್ನಡಿ, ಮಗುಚಿ ಇಟ್ಟದ್ದು. ಆ ಹುಡುಗ ಅಷ್ಟೂ ಆಟಗಳಿಗೆ ಪೆಟ್ಟಿಗೆಯ ಆಚೆ ಬದಿಯ ಇಕ್ಕಟ್ಟಿನಲ್ಲಿ ಕಾಲು ಮಡಚಿ ಕುಳಿತು ಬಣ್ಣ ಬರೆದುಕೊಂಡಿದ್ದ. ಪೆಟ್ಟಿಗೆಯನ್ನು ಊರಿಂದೂರಿಗೆ ಇಳಿಸಿ, ಏರಿಸಿ, ಮತ್ತೆ ಅದೇ ಸ್ಥಾನದಲ್ಲಿ ಇಡಿಸುತ್ತಿದ್ದನಂತೆ. ಈಗ ವಾರದಲ್ಲಿ ಮೂರು ದಿನ ಮಹಿಷ ಅವನದು. ಅದು ನಾನು ಕೊಟ್ಟದ್ದಲ್ಲ, ಅವನು ಉಳಿಸಿಕೊಟ್ಟದ್ದರಲ್ಲಿ ಪಾಲು.

ಕೆರೆಮನೆ ಶಂಭು ಹೆಗಡೆಯವರು 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ ರಾಮನ ವೇಷ ಮಾಡಿದ ರಾತ್ರಿಯೇ ತೀರಿಕೊಂಡರು. ಕಲಾವಿದನಿಗೆ ಅಂಥ ಸಾವು ಭಾಗ್ಯ ಎಂದು ನಮ್ಮಲ್ಲಿ ಹೇಳುವವರು ಬಹಳ. ನಾನೂ ಹೇಳುತ್ತಿದ್ದೆ. ಕಾಲು ಕಟ್ಟಿಕೊಂಡು ಮಲಗಿದ್ದಾಗ ಒಮ್ಮೆ ಬಂದವರೆದುರು ಅದೇ ಮಾತು ತೆಗೆದೆ. ಚಹಾ ತಂದ ನನ್ನ ಹೆಂಡತಿ ಲೋಟವನ್ನು ಸ್ವಲ್ಪ ಗಟ್ಟಿಯಾಗಿಯೇ ಕೆಳಗಿಟ್ಟಳು. "ಹೋದವರಿಗೆ ಭಾಗ್ಯ ಇರಬಹುದು. ಫೋನ್ ಬರುವುದು ಮನೆಗೆ." ಆಮೇಲೆ ಆ ಮಾತನ್ನು ನಾನು ಆಡಿಲ್ಲ.

ಅವಳ ಪಾಲಿನದನ್ನು ಕೊನೆಗೆ ಇಟ್ಟುಕೊಂಡದ್ದು ಹೇಗೆ ಬರೆಯಬೇಕೆಂದು ತಿಳಿಯದೆ. ಮದುವೆಯಾದ ಹೊಸತರಲ್ಲಿ ನಾನು ಬೆಳಿಗ್ಗೆ ಆರಕ್ಕೆ ಬಂದು ಮಲಗಿದರೆ ನಮ್ಮ ಹುಂಜ ಕಿಟಕಿಯ ಕೆಳಗೇ ನಿಂತು ಕೂಗುತ್ತಿತ್ತು. ಒಂದು ದಿನ ಅದನ್ನು ಬುಟ್ಟಿಯಲ್ಲಿ ಹಾಕಿ ತವರಿಗೆ ಕೊಟ್ಟು ಬಂದಳು. ಆಮೇಲೆ ನಮ್ಮ ಮನೆಯಲ್ಲಿ ಕೋಳಿ ಸಾಕಿಲ್ಲ. ಕುಕ್ಕರ್ ಕೂಗುವ ಮೊದಲೇ ಇಳಿಸುತ್ತಾಳೆ, ಬೇಯದ ಬೇಳೆಯನ್ನು ಇಪ್ಪತ್ತು ವರ್ಷ ಮಕ್ಕಳು ಉಂಡಿದ್ದಾರೆ. ಸುಣ್ಣ ತಿಂದ ನನ್ನ ಕೆನ್ನೆಗೆ ಅಂಗಡಿಯ ಎಣ್ಣೆ ಆಗುವುದಿಲ್ಲವೆಂದು ಮನೆಯಲ್ಲೇ ತೆಂಗಿನ ಹಾಲು ಕಾಯಿಸಿ ಎಣ್ಣೆ ತೆಗೆಯುತ್ತಾಳೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಬೇರೆ ಇತ್ತು.

ಆಸ್ಪತ್ರೆಯಿಂದ ಬಂದ ಮೇಲೆ ರಾತ್ರಿ ನನಗೆ ನಿದ್ದೆ ಬರುತ್ತಿರಲಿಲ್ಲ, ಮೈಗೆ ಅಭ್ಯಾಸವಿಲ್ಲ. ಕಣ್ಣು ಬಿಟ್ಟುಕೊಂಡು ಮಲಗಿದ್ದಾಗ ಒಂದೂವರೆಯ ಹೊತ್ತಿಗೆ ಅವಳು ತಟ್ಟನೆ ಎದ್ದು ಕುಳಿತಳು. ದೀಪ ಹಾಕಲಿಲ್ಲ. ಹತ್ತು ನಿಮಿಷ ಹಾಗೇ ಕುಳಿತು, ಮತ್ತೆ ಮಲಗಿದಳು. ಮರುದಿನವೂ ಹಾಗೆಯೇ. ಮೂರನೆಯ ದಿನ ಕೇಳಿದೆ. "ಮಹಿಷ ಬರುವ ಹೊತ್ತಲ್ಲವೇ, ಬೆಂಕಿ" ಎಂದಳು. ಅಷ್ಟೇ. ಬೆಳಗಿನವರೆಗೆ ಆಟವಿದ್ದ ಕಾಲದಲ್ಲಿ ನಾನು ಕತ್ತಲಿನಿಂದ ಓಡಿ ಬರುತ್ತಿದ್ದದ್ದು ಆ ಹೊತ್ತಿಗೆ. ಈಗ ಹೆಚ್ಚಿನ ಕಡೆ ಕಾಲಮಿತಿ ಬಂದು ಮಹಿಷ ಹನ್ನೆರಡರೊಳಗೆ ಸತ್ತಿರುತ್ತಾನೆ. ಅವಳಿಗೆ ಮಾತ್ರ ಕಾಲಮಿತಿ ಬಂದಿಲ್ಲ.

ಈಗ ಮಳೆ ಹಿಡಿಯುವ ಲಕ್ಷಣ. ನವೆಂಬರಿನವರೆಗೆ ನಾನು ರಾತ್ರಿ ಮಲಗಿ ಬೆಳಿಗ್ಗೆ ಏಳುವ ಮನುಷ್ಯ. ತವರಿನಿಂದ ಒಂದು ಹುಂಜ ತರಲೇ ಎಂದು ನಿನ್ನೆ ಕೇಳಿದಳು. ಆಗ ಕೊಟ್ಟದ್ದರ ಮರಿಮಗನ ಮರಿಮಗ ಇರಬಹುದು, ಅದೇ ಗಂಟಲಂತೆ. ತಾ ಎಂದಿದ್ದೇನೆ.