ತಲೆ ಕದ್ದು ದಾನ ಮಾಡಿಸಿದ ಹುಡುಗ್ರು

ಸಂಪಾದಕರಿಗೆ ನಮಸ್ಕಾರ,

ಕಾಲೇಜು ಹುಡುಗ್ರು ಡಬ್ಬಿ ಹಿಡ್ಕೊಂಡು ನೆರೆ ಪರಿಹಾರಕ್ಕೆ ಚಂದಾ ಎತ್ತೋದು ನೋಡ್ದಾಗೆಲ್ಲ ನಂಗೆ ಎಪ್ಪತ್ತರ ದಶಕದ ಇಂಗ್ಲೆಂಡ್ ನೆನಪಾಗುತ್ತೆ. ಅಲ್ಲಿ ಯೂನಿವರ್ಸಿಟಿಗಳಲ್ಲಿ ವರ್ಷಕ್ಕೊಂದ್ಸಲ ರ‍್ಯಾಗ್ ವೀಕ್ ಅಂತ ಮಾಡೋರು, ಚಿತ್ರವಿಚಿತ್ರ ವೇಷ ಹಾಕ್ಕೊಂಡು ಲಾರಿ ಮೇಲೆ ಮೆರವಣಿಗೆ, ಪೇಟೆ ತುಂಬಾ ಡಬ್ಬಿ ಕುಲುಕೋದು, ಪೋಲಿ ಜೋಕಿನ ಪುಸ್ತಕ ಮಾರೋದು (ಈಗ ಓದಿದ್ರೆ ಮುಜುಗರ ಆಗುತ್ತೆ ಬಿಡಿ), ಬಂದ ದುಡ್ಡು ಮಾತ್ರ ಸೀದಾ ಧರ್ಮಕಾರ್ಯಕ್ಕೆ. ಶೆಫೀಲ್ಡ್‌ನಲ್ಲಿ ಪೈಜಾಮ ಜಂಪ್ ಅಂತ ರಾತ್ರಿಯೆಲ್ಲಾ ಮಲಗೋ ಬಟ್ಟೆಯಲ್ಲೇ ಊರು ಸುತ್ತೋರು, ಗಲಾಟೆ ಜಾಸ್ತಿಯಾಗಿ ತೊಂಬತ್ತರ ದಶಕದಲ್ಲಿ ನಿಂತುಹೋಯ್ತು.

ಎಲ್ಲಕ್ಕಿಂತ ಮಜಾ 1975ರದ್ದು. ತತ್ವಜ್ಞಾನಿ ಜೆರೆಮಿ ಬೆಂಥಮ್ 1832ರಲ್ಲಿ ತೀರ್ಕೊಂಡಾಗ ಅವರ ಉಯಿಲಿನ ಪ್ರಕಾರ ಅಸ್ಥಿಪಂಜರಕ್ಕೆ ಬಟ್ಟೆ ತೊಡಿಸಿ ಇಟ್ಟಿದ್ರು, ಅದು ಈಗ್ಲೂ ಲಂಡನ್‌ನ ಯೂನಿವರ್ಸಿಟಿ ಕಾಲೇಜಲ್ಲಿದೆ, ಮುಖ ಮೇಣದ್ದು, ಅಸಲಿ ತಲೆ ಬೇರೆ ಇತ್ತು. ಆ ತಲೆಯನ್ನೇ ಕಿಂಗ್ಸ್ ಕಾಲೇಜಿನ ಹುಡುಗ್ರು ಎತ್ಕೊಂಡು ಹೋಗಿ, ಮನೆ ಇಲ್ಲದವರಿಗೆ ಕೆಲಸ ಮಾಡೋ ಶೆಲ್ಟರ್ ಸಂಸ್ಥೆಗೆ 100 ಪೌಂಡ್ ಕೊಡಿ, ಆಗ ವಾಪಸ್ ಕೊಡ್ತೀವಿ ಅಂದ್ರು. ಯೂನಿವರ್ಸಿಟಿ ಕಾಲೇಜಿನೋರು ಕೆ.ಆರ್. ಮಾರ್ಕೆಟ್ ಗಿರಾಕಿ ಥರ ಚೌಕಾಸಿ ಮಾಡಿ 10 ಪೌಂಡ್ ಕೊಟ್ರು, ತಲೆ ವಾಪಸ್ ಬಂತು!

ಸತ್ತವರ ತಲೆ ಜೊತೆ ಆಟ ಆಡಿದ್ದು ಸರಿ ಅಂತ ನಾನು ಹೇಳಲ್ಲ, ಆದ್ರೂ ನಗು ಬರುತ್ತೆ. ನಮ್ಮ ಕಾಲೇಜುಗಳಲ್ಲೂ ಆಗ ಇಂಥ ಚೇಷ್ಟೆ ನಡೆದಿದ್ರೆ ಓದುಗರು ದಯವಿಟ್ಟು ಬರೀರಿ.

– ಒಬ್ಬ ನಿವೃತ್ತ ಎಂಜಿನಿಯರ್, ಮೈಸೂರು