ಕಟ್ಟಡಗಳ ವಿದ್ಯುತ್ ಲೆಕ್ಕ ಪರಿಶೀಲಿಸಿ

ಮಾನ್ಯರೇ,

ಕಚೇರಿ ಕಟ್ಟಡಗಳು ವರ್ಷಕ್ಕೆ ಪ್ರತಿ ಚದರ ಮೀಟರ್‌ಗೆ ಎಷ್ಟು ಯೂನಿಟ್ ಬಳಸುತ್ತವೆ ಎಂದು ನೋಡಿ ಕೇಂದ್ರದ ಇಂಧನ ದಕ್ಷತಾ ಬ್ಯೂರೊ 2009ರಿಂದ ಸ್ಟಾರ್ ಕೊಡುತ್ತಿದೆ. ಒಳ್ಳೆಯ ಕೆಲಸವೇ. ಆದರೆ ಅರ್ಜಿ ಹಾಕುವುದು ಬಿಡುವುದು ಮಾಲೀಕರ ಇಷ್ಟ. ಬೆಂಗಳೂರಿನಂಥ ಊರಿಗೆ ಇಷ್ಟು ಸಾಲದು. ಎಲ್ಲ ದೊಡ್ಡ ಕಟ್ಟಡಗಳೂ ಲೆಕ್ಕ ಕೊಡಬೇಕು, ಆ ಲೆಕ್ಕವನ್ನು ಹೊರಗಿನವರು ಪರಿಶೀಲಿಸಬೇಕು.

ಯಾಕೆಂದರೆ ಇಲ್ಲಿ ತಪ್ಪಾಗುವುದು ಬಹಳ ಸುಲಭ. ಬೆಸ್ಕಾಂ ಬಿಲ್ ಒಂದನ್ನೇ ನೋಡಿದರೆ ಡೀಸೆಲ್ ಜನರೇಟರ್ ಮತ್ತು ಚಾವಣಿಯ ಸೋಲಾರ್ ಲೆಕ್ಕದಿಂದ ಬಿಟ್ಟುಹೋಗುತ್ತವೆ. ಹೊರಗಿನಿಂದ ಕೊಂಡ ಪವನ ವಿದ್ಯುತ್ತಿನಿಂದ ಬಿಲ್ ಇಳಿಯಬಹುದು, ಬಳಕೆ ಇಳಿಯುವುದಿಲ್ಲ ಅಲ್ವಾ? ವಿಸ್ತೀರ್ಣದ್ದೂ ಇದೇ ಕಥೆ. ನೆಲಮಾಳಿಗೆಯ ಪಾರ್ಕಿಂಗ್ ಸೇರಿಸಿದರೆ ಚದರ ಮೀಟರ್ ಜಾಸ್ತಿಯಾಗಿ, ಕಟ್ಟಡ ಸುಮ್ನೆ ಮಿತವ್ಯಯಿಯಂತೆ ಕಾಣುತ್ತದೆ. ಅರ್ಧ ಖಾಲಿ ಇರುವ ಕಟ್ಟಡದ್ದೂ ಹಾಗೆಯೇ.

ಅಮೆರಿಕದ ಷಿಕಾಗೊ ನಗರ 2013ರಲ್ಲೇ ಇದಕ್ಕೆ ಕಾನೂನು ಮಾಡಿತು. 50,000 ಚದರ ಅಡಿ ಮತ್ತು ಅದಕ್ಕಿಂತ ದೊಡ್ಡ ಕಟ್ಟಡಗಳು ಪ್ರತಿವರ್ಷ ಲೆಕ್ಕ ಕೊಡಬೇಕು. ಮೊದಲ ವರ್ಷ, ಆಮೇಲೆ ಮೂರು ವರ್ಷಕ್ಕೊಮ್ಮೆ, ಅರ್ಹ ಪರಿಣತರು ಅದನ್ನು ದೃಢೀಕರಿಸಬೇಕು.

ನಮ್ಮಲ್ಲೂ ಬ್ಯೂರೊದ ಪರೀಕ್ಷೆ ಪಾಸಾದ ಎನರ್ಜಿ ಆಡಿಟರ್‌ಗಳಿದ್ದಾರೆ. ಪ್ರತಿ ಮೀಟರಿನ 12 ತಿಂಗಳ ರೀಡಿಂಗ್, ಡೀಸೆಲ್ ಖರೀದಿಯ ದಾಖಲೆ, ಮಂಜೂರಾದ ನಕ್ಷೆಯ ವಿಸ್ತೀರ್ಣ, ಇವನ್ನು ಅವರು ತಾಳೆ ನೋಡಲಿ. ರಾಜ್ಯದ ಇಂಧನ ಇಲಾಖೆ ಇದನ್ನು ಕಡ್ಡಾಯ ಮಾಡಲಿ. ಸರ್ಕಾರಿ ಕಚೇರಿಗಳಿಂದಲೇ ಶುರುವಾಗಲಿ.

– ಓದುಗ, ಬೆಂಗಳೂರು